ಡಬ್ಬಿಯೊಳಗಿನ ಬುದ್ಧಿ

ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಬಂತೆಂದರೆ ಮೈಸೂರಿನಲ್ಲಿ ಬುದ್ಧಿಯ ಸುಗ್ಗಿ ಶುರು. ಸರಸ್ವತಿಪುರಂನಿಂದ ಕುವೆಂಪುನಗರದವರೆಗೆ ಮೆಡಿಕಲ್ ಶಾಪುಗಳಲ್ಲಿ ಸ್ಮರಣಶಕ್ತಿ ಪುಡಿಯ ಡಬ್ಬಿಗಳು ಗೋಪುರ ಕಟ್ಟುತ್ತವೆ. ಡಬ್ಬಿ ಮೇಲೆ ಕನ್ನಡಕದ ಹುಡುಗ, ಅವನ ತಲೆ ಮೇಲೊಂದು ಬಲ್ಬು. ಹಿಂಬದಿ ತಿರುಗಿಸಿ ಓದಿ: ಮಾಲ್ಟು, ಸಕ್ಕರೆ ಮೊದಲ ಬೆಂಚಿನಲ್ಲಿ, ಬ್ರಾಹ್ಮಿ ಕೊನೇ ಬೆಂಚಿನಲ್ಲಿ. ತೂಕ ಹೆಚ್ಚಿರುವ ಪದಾರ್ಥವನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಸಕ್ಕರೆಯಿಂದಲೇ ಬುದ್ಧಿ ಬರುವುದಾದರೆ ಮಂಡ್ಯದ ಆಲೆಮನೆಗಳಲ್ಲಿ ಐಐಟಿ ಸೀಟಿಗೆ ಕ್ಯೂ ನಿಂತಿರಬೇಕಿತ್ತು. ಆಹಾರ ಸುರಕ್ಷತೆ ಕಾಯ್ದೆಯಲ್ಲಿ ‘ಹೆಲ್ತ್ ಡ್ರಿಂಕ್’ ಅನ್ನುವುದೊಂದು ಇಲ್ಲವೇ ಇಲ್ಲ, ಆ ಹೆಸರಿನ ವಿಭಾಗದಿಂದ ಇಂಥ ಪೇಯಗಳನ್ನು ತೆಗೆಯಿರಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ನಮ್ಮ ಬಡಾವಣೆಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಇತ್ತ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬಿಟ್ಟಿ ಸಿಕ್ಕಿದ್ದಲ್ಲವೇ, ಕಾಂಪೌಂಡಿನಾಚೆ ಹಾರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿತು, ಮರುದಿನ ಮಲ ಕಪ್ಪಗಾಯಿತು, ‘ಸರ್ಕಾರದ ಮಾತ್ರೆ ವಿಷ’ ಎಂದು ಜಗಲಿಯಲ್ಲಿ ತೀರ್ಪೂ ಆಯಿತು. ಊಟವಾದ ಮೇಲೆ ನುಂಗಿದರೆ ತೊಳಸು ಕಮ್ಮಿ. ಕಪ್ಪು ಬಣ್ಣವೋ, ದೇಹ ಹೀರದೆ ಉಳಿದ ಕಬ್ಬಿಣದ್ದು, ರೋಗದ್ದಲ್ಲ. ಗಮನ, ಹುರುಪಿಗೆ ಬೇಕಾದ ಡೋಪಮೈನನ್ನು ಮಿದುಳು ತಯಾರಿಸಿಕೊಳ್ಳಲು ಬೇಕಾದ ಕಿಣ್ವಕ್ಕೆ ಕಬ್ಬಿಣವಿಲ್ಲದೆ ಕೈ ಓಡದು. ರಕ್ತಹೀನತೆಯ ಹುಡುಗಿ ಎರಡನೇ ಪುಟಕ್ಕೇ ಆಕಳಿಸುತ್ತಾಳೆ. ಅದಕ್ಕೆ ಮನೆಯಲ್ಲಿಟ್ಟ ಹೆಸರು ಸೋಮಾರಿತನ. ಬರಿದಾದ ಕಬ್ಬಿಣದ ದಾಸ್ತಾನು ತುಂಬಲು ತಿಂಗಳುಗಳೇ ಬೇಕು. ಮಾರ್ಚ್ ಪರೀಕ್ಷೆಗೆ ನಾವು ಡಬ್ಬಿ ತರುವುದು ಫೆಬ್ರವರಿ ಕೊನೆಗೆ.

ಮಂಡ್ಯದ ಬಸ್ಸಾರನ್ನು ನೋಡಿ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲೇ ಖಾರ ಕದಡಿ ಕುದಿಸುತ್ತಾರೆ. ಫೋಲೇಟ್, ಅಂದರೆ ಮಾತ್ರೆಯ ಫೋಲಿಕ್ ಆಮ್ಲದ ಸಹಜ ರೂಪ, ನೀರಿನಲ್ಲಿ ಕರಗುವ ಪೋಷಕಾಂಶ; ಸೊಪ್ಪಿನಿಂದ ಕಟ್ಟಿಗೆ ಇಳಿದದ್ದು ಸಾರಿನಲ್ಲೇ ಉಳಿಯುತ್ತದೆ. ‘ಡಯಟ್’ ಕಲಿತ ಮನೆಯಲ್ಲಿ ಕಟ್ಟು ಸಿಂಕಿಗೆ, ಹಿಂಡಿದ ಪಿಪ್ಪೆ ತಟ್ಟೆಗೆ. ಕೈ ತೊಳೆಯುತ್ತಲೇ ಫಿಲ್ಟರ್ ಕಾಫಿ. ಕಾಫಿ, ಟೀಯಲ್ಲಿರುವ ಒಗರು ಪದಾರ್ಥ ರಾಗಿ, ಸೊಪ್ಪಿನ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ತಟ್ಟೆಗೆ ಅರ್ಧ ಹೋಳು ನಿಂಬೆ ಹಿಂಡಿದರೆ ಉಲ್ಟಾ, ಹೀರುವುದು ಹೆಚ್ಚುತ್ತದೆ. ಕಾಫಿ ಕಾಯಿಸುವುದು ಎಲ್ಲರಿಗೂ ಗೊತ್ತು. ಊಟದ ನಂತರ ಒಂದು ಗಂಟೆ ಕಾಫಿಗೆ ಕಾಯುವುದು ಮಾತ್ರ ಮೈಸೂರಿಗರ ಜಾತಕದಲ್ಲಿಲ್ಲ. 1950ರಿಂದ ಚೆಲುವಾಂಬಾ ಮ್ಯಾನ್ಷನ್‌ನಲ್ಲಿ ಆಹಾರ ಸಂಶೋಧನೆ ನಡೆಯುತ್ತಿರುವ ಊರು ಇದು, ನೆನಪಿರಲಿ.

ತಾತನಿಗೆ ಮರೆವು, ಅಂಗಾಲಲ್ಲಿ ಜೋಮು: ‘ವಯಸ್ಸಾಯ್ತಲ್ಲ’. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸಿಗೆ ಮಾತ್ರೆ, ಎರಡೂ ವರ್ಷಗಟ್ಟಲೆ ನಡೆದರೆ ನರಗಳಿಗೂ ಮಿದುಳಿಗೂ ಬೇಕಾದ ವಿಟಮಿನ್ ಬಿ12 ಇಳಿಯಬಹುದು. ಮೊಟ್ಟೆ, ಮೀನು ಮುಟ್ಟದೆ ಹಾಲು ಮೊಸರನ್ನೂ ಕಮ್ಮಿ ಮಾಡಿದವರಿಗೆ ಇನ್ನೂ ಬೇಗ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಆದರೆ ತಾತನಿಗೂ ಅದೇ ಡಬ್ಬಿಯ ಪುಡಿ, ಎರಡು ಚಮಚ.

ಇನ್ನು ಉಪ್ಪು. ಪ್ಯಾಕೆಟ್ಟಿನ ಮೇಲೆ ನಗುವ ಸೂರ್ಯನಿರುವ ಅಯೋಡಿನ್ ಉಪ್ಪು ಈಗ ‘ಕೆಮಿಕಲ್’. ಬದಲಿಗೆ ಮೂರ್ನಾಲ್ಕು ಪಟ್ಟು ದುಡ್ಡು ಕೊಟ್ಟು ಗುಲಾಬಿ ಬಣ್ಣದ ಕಲ್ಲುಪ್ಪು. ಅಂಗಡಿಯ ಅಯೋಡಿನ್ ಉಪ್ಪಿನಲ್ಲಿ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ದೊಡ್ಡವರಿಗೆ ದಿನಕ್ಕೆ 150 ಬೇಕು, ಗರ್ಭಿಣಿಗೆ 250. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ಥೈರಾಯ್ಡ್ ಹಾರ್ಮೋನು ಬೇಕು, ಆ ಹಾರ್ಮೋನಿಗೆ ಅಯೋಡಿನ್. ಗುಲಾಬಿ ಉಪ್ಪಿನಲ್ಲಿ, ಅಯೋಡಿನ್ ಬೆರೆಸದಿದ್ದರೆ, ಇರುವುದು ಬಣ್ಣ. ಬೆರೆಸಿದ ಉಪ್ಪನ್ನೂ ಹಬೆ, ತೇವ ತಾಗದಂತೆ ಮುಚ್ಚಿಡಬೇಕು, ಅಡುಗೆ ಇಳಿಸುವ ಹೊತ್ತಿಗೆ ಹಾಕಬೇಕು. ಇಲ್ಲವಾದರೆ ಅಯೋಡಿನ್ ಆವಿಯಾಗುತ್ತದೆ.

ಪರೀಕ್ಷೆ ಮುಗಿಯಿತು, ಪುಡಿಯೂ ಮುಗಿಯಿತು. ಡಬ್ಬಿ ಗಟ್ಟಿಯಾಗಿದೆ, ಎಸೆಯಲು ಮನಸ್ಸಿಲ್ಲ. ಒಲೆ ಪಕ್ಕ, ಕುಕ್ಕರಿನ ಹಬೆ ನೇರ ಬಡಿಯುವ ಕಡೆ, ಮುಚ್ಚಳ ತೆಗೆದು ಇಟ್ಟಿದ್ದಾರೆ. ಒಳಗೆ ಗುಲಾಬಿ ಉಪ್ಪು. ಹೊರಗೆ ಹುಡುಗನ ತಲೆ ಮೇಲಿನ ಬಲ್ಬು ಇನ್ನೂ ಉರಿಯುತ್ತಿದೆ.