ಆಕಳಿಕೆಗೆ ಗಟ್ಟಿಮೇಳ

ಎರಡು ಗಂಟೆಯ ಮದುವೆ ವಿಡಿಯೊ ಕೂತು ನೋಡೋಕೆ ಈಗ ಯಾರಿಗೂ ಪುರುಸೊತ್ತಿಲ್ಲ. ಆದರೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಾತ್ರ ಪೂರ್ತಿ ಇರಬೇಕು. ಮಂಡ್ಯದಲ್ಲಿ ಮಗಳ ಮದುವೆ ಮುಗಿಸಿದ ಚಿಕ್ಕಪ್ಪ ಪೆನ್‌ಡ್ರೈವ್ ಜೇಬಲ್ಲಿಟ್ಟುಕೊಂಡು ಮೈಸೂರಿನ ನಮ್ಮನೆಗೆ ಬಂದೇಬಿಟ್ಟರು. "ನಿಮಿಷ ನಿಮಿಷಕ್ಕೆ ತುಂಡು ಮಾಡ್ಕೊಡು ಮಗ, ಸುಮ್ನೆ ಕಟ್ ಮಾಡೋದು ತಾನೇ?"

ಸುಮ್ನೆ! 120 ತುಂಡು! ಅದೂ 24 ಗಂಟೆ ಕಳೆದರೆ ಮಾಯವಾಗೋ ಸ್ಟೇಟಸ್‌ಗೆ.

ಯೂಟ್ಯೂಬ್‌ಗೆ ಇಡಿಯಾಗಿ ಹಾಕಿ ಲಿಂಕ್ ಕಳಿಸೋಣ ಅಂದೆ. ಫೋನ್ ನಂಬರ್ ಕೊಟ್ಟು ಖಾತೆ ದೃಢಪಡಿಸದಿದ್ದರೆ ಅಲ್ಲಿ 15 ನಿಮಿಷ ದಾಟುವ ಹಾಗಿಲ್ಲ. ನಂಬರ್ ಕೇಳಿದ್ದಕ್ಕೆ "ಬ್ಯಾಂಕಲ್ಲಿರೋ ದುಡ್ಡು ಹೊಂಟೋಯ್ತದೆ" ಅಂದರು. ಮದುವೆ ಕಾರ್ಡಿನಲ್ಲಿ ಅದೇ ನಂಬರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಮದ್ದೂರಿನಿಂದ ನಂಜನಗೂಡಿನವರೆಗೆ ಹಂಚಿದವರು ಇವರೇ.

ಸರಿ, ಕತ್ತರಿಸೋಕೆ ಕೂತೆ. ವಿಡಿಯೊದಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ ಅಲ್ಲ. ಆಗೊಂದು ಈಗೊಂದು ಕೀಫ್ರೇಮ್ ಮಾತ್ರ ಪೂರ್ತಿ ಇರುತ್ತದೆ, ಮಿಕ್ಕವು ಏನು ಬದಲಾಯ್ತು ಅನ್ನೋದನ್ನಷ್ಟೇ ಇಟ್ಟುಕೊಂಡಿರುತ್ತವೆ. ಹಾಗಾಗಿ ಬೇಗ ಮುಗೀಲಿ ಅಂತ ರೀ-ಎನ್‌ಕೋಡ್ ಮಾಡದೆ, ಅಂದರೆ ಫ್ರೇಮುಗಳನ್ನು ಹೊಸದಾಗಿ ಬರೆಸದೆ ಕತ್ತರಿಸಿದರೆ, ಮುಂದಿನ ಕೀಫ್ರೇಮ್ ಬರೋವರೆಗೆ ಕೆಲವೊಮ್ಮೆ ಧ್ವನಿ ಓಡುತ್ತದೆ, ಚಿತ್ರ ನಿಂತಿರುತ್ತದೆ. ರೀ-ಎನ್‌ಕೋಡ್ ಮಾಡೋಣ, ರಾತ್ರಿಯೆಲ್ಲಾ ಆಗಬಹುದು ಅಂದೆ. ಚಿಕ್ಕಪ್ಪನಿಗೆ ಸಂಜೆ ಐದರ ರೈಲು ಹಿಡಿಯಬೇಕಿತ್ತು.

ಒಂದು ನಿಮಿಷದ ಗಡಿ ಎಲ್ಲಿ ಬೀಳಬೇಕು ಹೇಳಿ? ಸರಿಯಾಗಿ ತಾಳಿಯ ಮೇಲೆ! ಒಂದು ತುಂಡಿನ ಕೊನೆಯಲ್ಲಿ ಅಳಿಯಂದಿರ ಕೈ ಹುಡುಗಿಯ ಕತ್ತಿನ ಹತ್ತಿರ ಬಂದಿದೆ, ಅಷ್ಟೇ. ಮುಂದಿನದರಲ್ಲಿ "ಗಟ್ಟಿಮೇಳ! ಗಟ್ಟಿಮೇಳ!", ಓಲಗ ಕಿತ್ತುಹೋಗೋ ಹಾಗೆ ಬಾರಿಸ್ತಿದ್ದಾರೆ, ತೆರೆಯ ಮೇಲೆ ಮಾತ್ರ ಮುಂದಿನ ಸಾಲಿನಲ್ಲಿ ಕೂತ ಚಿಕ್ಕಪ್ಪ, ಬಾಯಿ ಅಗಲಿಸಿ ಆಕಳಿಸುತ್ತಾ, ಹಾಗೇ ನಿಂತುಬಿಟ್ಟಿದ್ದಾರೆ. ದೃಶ್ಯ ಬದಲಾದ ಕಡೆ ಕೀಫ್ರೇಮ್ ಬೀಳೋದು ಮಾಮೂಲು, ವಿಡಿಯೊದವನು ಮಂಟಪದಿಂದ ನೇರ ಇವರ ಮುಖಕ್ಕೆ ಹಾರಿದ್ದ. ಆ ತುಂಡಿಗೆ ಸಿಕ್ಕ ಮೊದಲ ಪೂರ್ತಿ ಚಿತ್ರ ಅದೇ. ಒಳಗಿನ ಹಲ್ಲಿನ ಬೆಳ್ಳಿ ಸಿಮೆಂಟೂ ಕಾಣ್ತಿತ್ತು. ಓಲಗ ನಿಲ್ಲೋಕೂ ಬಾಯಿ ಮುಚ್ಚೋಕೂ ಸರಿಹೋಯಿತು. ಸ್ಟೇಟಸ್‌ಗೆ ಯಾವಾಗ ಹಾಕಿಕೊಂಡರೋ ಗೊತ್ತಿಲ್ಲ, ರೈಲು ಪಾಂಡವಪುರ ದಾಟೋದರೊಳಗೆ ಬೀಗರೆಲ್ಲಾ ನೋಡಿಯಾಗಿತ್ತು.

ಹಿಂದೆ ಮೂರು ಗಂಟೆಯ ಕ್ಯಾಸೆಟ್ ಇರ್ತಿತ್ತು. ಅದನ್ನ ಹಾಕಿ ನೋಡೋ ವಿಸಿಪಿ ಬಾಡಿಗೆಗೆ ತಂದು ಮನೆಮಂದಿಯೆಲ್ಲಾ ಚಾಪೆ ಮೇಲೆ ಕೂತು, ಅಜ್ಜಿ ಬಂದಾಗಲೆಲ್ಲಾ ನಿಲ್ಲಿಸಿ ನೋಡ್ತಿದ್ವಿ. ಬಡಿಸುವವರು, ನಿದ್ದೆ ಹೋದ ಮಕ್ಕಳು, ಯಾರು ಬಂದರೂ ಕ್ಯಾಸೆಟ್ ಮುಂದಕ್ಕೆ ಓಡಿಸ್ತಿರಲಿಲ್ಲ. ಆ ಕ್ಯಾಸೆಟ್‌ಗೆ ಈಗ ಬೂಸಲು ಹಿಡಿದಿದೆ.

ಚಿಕ್ಕಪ್ಪನಿಗೆ ಬೇಜಾರಾಗಿರಬೇಕು ಅಂತ ಫೋನ್ ಮಾಡಿದರೆ, ಆಕಳಿಕೆಯದ್ದೇ ಜಾಸ್ತಿ ಜನ ನೋಡಿದ್ದಾರಂತೆ. ಬೀಗರ ಊಟದ ಪೆನ್‌ಡ್ರೈವ್ ಭಾನುವಾರ ತರ್ತಾರಂತೆ. ಅದನ್ನ ಅರ್ಧ ನಿಮಿಷಕ್ಕೊಂದು ಮಾಡ್ಬೇಕಂತೆ.