ಎರಡು ದಿನದ ಕೋಡ್, ಆಮೇಲಿನ ಫೋನ್

‘ಬ್ರೌಸರ್ ಎಕ್ಸ್‌ಟೆನ್ಷನ್ ಮಾಡೋದು ಶನಿವಾರ-ಭಾನುವಾರದ ಕೆಲಸ’ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ; ಎಕ್ಸ್‌ಟೆನ್ಷನ್ ಅಂದರೆ ಬ್ರೌಸರ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ. ಕೋಡ್ ಮಟ್ಟಿಗೆ ಸರಿ ಇರಬಹುದು. ಖರ್ಚೂ ಜಾಸ್ತಿ ಇಲ್ಲ: ಅದನ್ನು ಹಂಚಲು ಕ್ರೋಮ್‌ನ ಆನ್‌ಲೈನ್ ಅಂಗಡಿಗೆ ಒಂದೇ ಸಲ 5 ಡಾಲರ್, ಫೈರ್‌ಫಾಕ್ಸ್‌ಗೆ ಅದೂ ಬೇಡ. ಆದರೆ ಕೆಲಸ ಶುರುವಾಗುವುದೇ ಸೋಮವಾರದಿಂದ.

ಗಂಗಾವತಿಯಲ್ಲಿ ಕೂತು ನಾನೂ ಒಂದು ಮಾಡಿದ್ದೇನೆ. ಹಳೆಯ ‘ನುಡಿ’ ಕನ್ನಡ ತಂತ್ರಾಂಶದ ಫಾಂಟ್‌ನಲ್ಲಿರುವ ಬರಹವನ್ನು, ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತಕ್ಕೆ ತಿರುಗಿಸುತ್ತದೆ. ಎರಡು ದಿನದಲ್ಲಿ ಮುಗೀತು, ಅರ್ಕಾವತ್ತು ಒಂದನ್ನು ಬಿಟ್ಟು! ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ‘ಸೂರ್ಯ’ ಸರಿಯಾಗಿ ಮೂಡಲು ಒಂದು ವಾರ ಹಿಡೀತು.

ನೀವು ಒಂದೇ ಸಾಲಿನಲ್ಲಿ ದಾಟಿಸಿದ ಅನುಮತಿಯ (ಎಕ್ಸ್‌ಟೆನ್ಷನ್ ಬ್ರೌಸರ್‌ನಲ್ಲಿ ಏನನ್ನು ನೋಡಬಹುದು, ಮುಟ್ಟಬಹುದು ಎಂಬುದರ) ವಿಷಯವೇ ನನಗೆ ಪೆಟ್ಟು ಕೊಟ್ಟದ್ದು. ಒಂದು ಅಪ್‌ಡೇಟ್‌ನಲ್ಲಿ ‘ಎಲ್ಲ ವೆಬ್‌ಸೈಟ್‌ಗಳನ್ನೂ ಓದಲು’ ಅನುಮತಿ ಸೇರಿಸಿಬಿಟ್ಟೆ. ಹೀಗೆ ಹೊಸದಾಗಿ ಕೇಳಿದರೆ, ಬಳಸುವವರು ಒಪ್ಪುವವರೆಗೂ ಕ್ರೋಮ್ ಆ ಎಕ್ಸ್‌ಟೆನ್ಷನ್ ಅನ್ನು ಆಫ್ ಮಾಡಿ ಇಡುತ್ತದೆ. ಮರುದಿನ ಬೆಳಿಗ್ಗೆಯೇ ನಮ್ಮೂರ ಡಿಟಿಪಿ ಅಂಗಡಿಯವರ ಫೋನ್: ‘ತಮ್ಮಾ, ನಿನ್ನ ಬಟನ್ ಎಲ್ಲಿ ಹೋತು? ಮದುವಿ ಕಾರ್ಡ್ ಅರ್ಧಕ್ಕ ನಿಂತೈತಿ.’ ತಪ್ಪು ನನ್ನದೇ. ಬಟನ್ ಒತ್ತಿದ ಪುಟವನ್ನಷ್ಟೇ ಮುಟ್ಟುವ ‘ಆ್ಯಕ್ಟಿವ್‌ಟ್ಯಾಬ್’ ಅನ್ನುವ ಅನುಮತಿಯೇ ಸಾಕಿತ್ತು, ಅದಕ್ಕೆ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಸುಮ್ನೆ ದುರಾಸೆ ಮಾಡಿದೆ.

ಈ ಅನುಮತಿ ಬಗ್ಗೆಯೇ ಇನ್ನೊಂದು ಲೇಖನ ಬರೀರಿ. ವಾರಾಂತ್ಯದ ಲೆಕ್ಕ ಮಾತ್ರ ಬೇಡ.