ಬಜೆಟ್ ಮೇಲೆ ಸಂಘಟನೆಗಳ ಒತ್ತಡ: ಬೇಕಾ, ಬೇಡವಾ?

ಪರ: ಬಿಡದೆ ಕೇಳಿದ್ದಕ್ಕೇ ಸಿಕ್ಕಿದ್ದು

ಬಜೆಟ್ ಹತ್ತಿರ ಬಂತೆಂದರೆ ಧಾರವಾಡದ ಜಿಲ್ಲಾಧಿಕಾರಿ ಕಚೇರಿಗೆ ಮನವಿ ಹಿಡಿದು ಬರುವವರು ಜಾಸ್ತಿಯಾಗುತ್ತಾರೆ. ರೈತ ಸಂಘದವರು, ಅಂಗನವಾಡಿ ಕಾರ್ಯಕರ್ತೆಯರು, ಅಂಗವಿಕಲರ ಒಕ್ಕೂಟದವರು. ‘ಆರಿಸಿ ಕಳಿಸಿದ ಶಾಸಕರಿದ್ದಾರಲ್ಲ, ನಡುವೆ ಇವರ್ಯಾಕೆ?’ ಅನ್ನುವವರಿದ್ದಾರೆ. ನಮ್ಮ ಭಾಗದಲ್ಲಿ ಏನೇನು ನಡೆದಿದೆ ಅಂತ ಗೊತ್ತಿದ್ದವರು ಹಾಗೆ ಕೇಳಲಿಕ್ಕಿಲ್ಲ.

1980ರ ಮಾತು. ಮಲಪ್ರಭಾ ಕಾಲುವೆ ನೀರು ಸರಿಯಾಗಿ ಸಿಗದ ರೈತರಿಗೂ ಅಭಿವೃದ್ಧಿ ಕರ ಕಟ್ಟಿ ಎಂದು ಸರ್ಕಾರ ಪಟ್ಟು ಹಿಡಿದಿತ್ತು. ನವಲಗುಂದ, ನರಗುಂದದ ರೈತರು ಬೀದಿಗಿಳಿದರು. ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಜೀವ ಕಳೆದುಕೊಂಡರು. ಆಮೇಲಷ್ಟೇ ಕರದ ವಿಷಯದಲ್ಲಿ ಸರ್ಕಾರ ಹಿಂದೆ ಸರಿಯಿತು. ಯಾರಿಗೆ ಎಷ್ಟು ಕೊಡುತ್ತಾರೆ ಅನ್ನೋದಷ್ಟೇ ಅಲ್ಲ, ಯಾರ ಜೇಬಿನಿಂದ ಎಷ್ಟು ತೆಗೆಯುತ್ತಾರೆ ಅನ್ನೋದೂ ಬಜೆಟ್ಟೇ ಅಲ್ವಾ?

ಈಚಿನದು ಬೇಕೆಂದರೆ 7ಡಿ ನೋಡಿ. ಪರಿಶಿಷ್ಟ ಜಾತಿ, ಪಂಗಡದವರ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ಅವರಿಗಾಗಿಯೇ ಎತ್ತಿಡಬೇಕು ಎಂಬ ಕಾಯ್ದೆ ರಾಜ್ಯದಲ್ಲಿ 2013ರಲ್ಲಿ ಬಂತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಕೇಳಿದ್ದರ ಫಲ ಅದು. ಆದರೆ ಕಾಯ್ದೆಯೊಳಗೇ 7ಡಿ ಎಂಬ ಕಿಂಡಿ ಇತ್ತು. ಎಲ್ಲರೂ ಓಡಾಡುವ ರಸ್ತೆ ಮಾಡಿ, ಅದರ ಖರ್ಚಿನ ಒಂದು ಪಾಲು ದಲಿತರಿಗೆ ಸಂದಿದೆ ಎಂದು ಲೆಕ್ಕ ತೋರಿಸಬಹುದಿತ್ತು. ಕಾಗದದಲ್ಲಿ ಹಣ ಖರ್ಚಾಗಿರುತ್ತಿತ್ತು, ಕೇರಿಯ ಚರಂಡಿ ಹಾಗೇ ಇರುತ್ತಿತ್ತು. ಸಂಘಟನೆಗಳು ಇದನ್ನು ಬಿಡದೆ ಜಗ್ಗಿದವು. 2023ರಲ್ಲಿ ಆ ಕಲಂ ಹೋಯಿತು. ದಿನಗೂಲಿಗೆ ಹೋಗುವ ಒಬ್ಬ ಮನುಷ್ಯ ಬಜೆಟ್‌ನ ದಪ್ಪ ಸಂಪುಟಗಳನ್ನು ತಿರುವಿ ಇದನ್ನು ಹಿಡಿಯೋಕೆ ಆಗುತ್ತಿತ್ತಾ?

ಫೆಬ್ರುವರಿಯಲ್ಲಿ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಏನೂ ಆಗಲ್ಲ, ನಿಜ. ಅಷ್ಟೊತ್ತಿಗೆ ಇಲಾಖೆಗಳ ಅಂದಾಜು ಬೆಂಗಳೂರು ಸೇರಿರುತ್ತದೆ. ತಿಳಿದ ಸಂಘಟನೆಗಳು ದಸರೆ, ದೀಪಾವಳಿ ಹೊತ್ತಿಗೇ ಇಲಾಖೆಯ ಬಾಗಿಲು ತಟ್ಟುತ್ತವೆ. ಹೋದ ವರ್ಷ ಈ ಬಾಬ್ತಿಗೆ ಎಷ್ಟಿತ್ತು, ಎಷ್ಟು ಖರ್ಚಾಯಿತು, ಉಳಿದದ್ದು ಎಲ್ಲಿ ಹೋಯಿತು ಅಂತ ಕೇಳುತ್ತವೆ. 2025ರ ಮಾರ್ಚ್ ಬಜೆಟ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಗೌರವಧನ 1,000 ರೂಪಾಯಿ, ಸಹಾಯಕಿಯರದ್ದು 750 ರೂಪಾಯಿ ಏರಿತು. ಸುಮ್ನೆ ಮನೆಯಲ್ಲಿ ಕೂತಿದ್ದರೆ ಅದೂ ಬರುತ್ತಿರಲಿಲ್ಲ.

ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಹಣದಲ್ಲಿ ಧಾರವಾಡಕ್ಕೆ ನ್ಯಾಯವಾದ ಪಾಲು ಬರುತ್ತಿಲ್ಲ ಎಂದು ಊರಿನವರು ಎಷ್ಟು ವರ್ಷದಿಂದ ಹೇಳುತ್ತಿದ್ದರು! 2025ರ ಜನವರಿಯಲ್ಲಿ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಒಪ್ಪಿತು. ಇನ್ನು ಕಾನೂನಿನ ಮಾತಿಗೆ ಬಂದರೆ, ರಾಜ್ಯದ ಪಾಲಿಕೆ ಕಾಯ್ದೆಗೆ ಬಂದ 2011ರ ತಿದ್ದುಪಡಿಯೇ ವಾರ್ಡ್ ಸಮಿತಿಗೆ ದಾರಿ ಮಾಡಿದೆ. ಪಾಲಿಕೆ ಸದಸ್ಯರು ಅಧ್ಯಕ್ಷರು, ಜೊತೆಗೆ ಹತ್ತು ಜನ. ಅವರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿಗಳ ಸಂಘದವರು ಇರಲೇಬೇಕು. ಅವಳಿ ನಗರದ ಒಂದೊಂದು ವಾರ್ಡಿನಲ್ಲೂ ಈ ಸಮಿತಿ ಕೂತು, ಮುಂದಿನ ವರ್ಷದ ಕಾಮಗಾರಿ ಪಟ್ಟಿಯನ್ನು ಬಜೆಟ್‌ಗೆ ಮುಂಚೆಯೇ ಪಾಲಿಕೆಗೆ ಕೊಡಬೇಕು.

ವಿರೋಧ: ಸಂಘ ಇಲ್ಲದವರ ಪಾಲು ಯಾರು ಕೇಳಬೇಕು?

ನವಲಗುಂದದ ಹೋರಾಟವನ್ನು ಸಣ್ಣದು ಮಾಡುವ ಮಾತು ನನ್ನದಲ್ಲ. ಅಲ್ಲಿ ರೈತರು ಜೀವ ಕೊಟ್ಟಿದ್ದಾರೆ. ಆದರೆ ಒತ್ತಡ ಹಾಕಿದವರಿಗೆ ಹಣ ಅನ್ನೋದೇ ರೂಢಿಯಾದರೆ, ಒತ್ತಡ ಹಾಕುವ ಶಕ್ತಿ ಇಲ್ಲದವರ ಗತಿ ಏನು?

ಬಜೆಟ್‌ಗೆ ಸಲಹೆ ಕೇಳಲು ಪಾಲಿಕೆ ಒಂದು ಸಭೆ ಕರೆಯಿತು ಅಂದುಕೊಳ್ಳಿ. ಕೆಲಸದ ದಿನ, ಬೆಳಿಗ್ಗೆ 11 ಗಂಟೆ. ಯಾರು ಬರಬಹುದು? ನಿವೃತ್ತರು, ವ್ಯಾಪಾರಸ್ಥರು, ಬಡಾವಣೆ ಸಂಘದ ಪದಾಧಿಕಾರಿಗಳು. ಉದ್ಯಾನಕ್ಕೆ ಬೇಲಿ ಬೇಕು, ಬೀದಿಗೆ ಎಲ್‌ಇಡಿ ದೀಪ ಬೇಕು ಅಂತಾರೆ. ತಪ್ಪಲ್ಲ. ಆದರೆ ಆ ಹೊತ್ತಿಗೆ ಜನತಾ ಬಜಾರಿನಲ್ಲಿ ಕಾಯಿಪಲ್ಲೆ ಹರವಿಕೊಂಡು ಕೂತವಳು ಬುಟ್ಟಿ ಬಿಟ್ಟು ಬರುತ್ತಾಳಾ? ಅಮರಗೋಳ ಎಪಿಎಂಸಿಯ ಹಮಾಲರು ಬೆನ್ನ ಮೇಲಿನ ಚೀಲ ಇಳಿಸಿ ಬರುತ್ತಾರಾ? ವರ್ಷಕ್ಕೊಮ್ಮೆ ಮನೆ ಬದಲಿಸುವ ಬಾಡಿಗೆದಾರರನ್ನು ಯಾವ ನಿವಾಸಿಗಳ ಸಂಘ ಸೇರಿಸಿಕೊಳ್ಳುತ್ತದೆ? ವಾರ್ಡ್ ಸಮಿತಿಯಲ್ಲಿ ಮೀಸಲಾದ ಜಾಗಗಳಿವೆ, ಒಪ್ಪಿದೆ. ಆದರೆ ಆ ಹತ್ತು ಜನರನ್ನು ಜನ ಆರಿಸುವುದಿಲ್ಲ, ಅವರು ನಾಮನಿರ್ದೇಶನ ಆಗುತ್ತಾರೆ.

ರಾಜ್ಯದ ಮಟ್ಟದಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. 2020ರ ನವೆಂಬರ್‌ನಲ್ಲಿ ಮರಾಠಾ ಸಮುದಾಯಕ್ಕೆ 50 ಕೋಟಿಯ ಪ್ರಾಧಿಕಾರ ಎಂದು ಸರ್ಕಾರ ಘೋಷಿಸಿತು. ಅದರ ಬೆನ್ನಲ್ಲೇ ವೀರಶೈವ-ಲಿಂಗಾಯತ ನಿಗಮ ಬಂತು. ಮುಂದಿನ ಬಜೆಟ್‌ನಲ್ಲಿ ಒಕ್ಕಲಿಗರ ನಿಗಮಕ್ಕೆ 500 ಕೋಟಿ. ಒಂದು ಸಮುದಾಯಕ್ಕೆ ಕೊಟ್ಟ ಮೇಲೆ ಇನ್ನೊಂದಕ್ಕೆ ಇಲ್ಲ ಅನ್ನೋಕೆ ಆಗಲ್ಲ. ಇದರಲ್ಲಿ ಬಡತನದ ಲೆಕ್ಕಕ್ಕಿಂತ ತಲೆ ಎಣಿಕೆ ದೊಡ್ಡದಾಯಿತು. ಹಾವೇರಿ, ಗದಗದ ಹಳ್ಳಿಗಳಲ್ಲಿ ನಾಲ್ಕೈದು ಮನೆ ಇರುವ ಅಲೆಮಾರಿ ಸಮುದಾಯಗಳಿಗೆ ಜನ ಸೇರಿಸಿ ಸಮಾವೇಶ ಮಾಡುವ ಬಲ ಎಲ್ಲಿದೆ?

ಮಹದಾಯಿ ನದಿ ನೀರಿನ ವಿಷಯ ಹೇಳುವಾಗ ಹೊಟ್ಟೆ ಉರಿಯುತ್ತದೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು. ಅದರಲ್ಲಿ ಕಳಸಾ-ಬಂಡೂರಿ ಯೋಜನೆಯ ಮೂಲಕ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ಅಡಿ. ಹೋರಾಟದ ಒತ್ತಡಕ್ಕೆ 2020ರ ಬಜೆಟ್‌ನಲ್ಲಿ 500 ಕೋಟಿ, 2022ರಲ್ಲಿ 1,000 ಕೋಟಿ ಇಟ್ಟರು. ಹಣ ಇಟ್ಟಾಕ್ಷಣ ನೀರು ಬರಲಿಲ್ಲ. ಅರಣ್ಯ, ವನ್ಯಜೀವಿ ಅನುಮತಿಯ ಗಂಟು ಬಿಚ್ಚಬೇಕಾದದ್ದು ದೆಹಲಿಯಲ್ಲಿ. ಬಜೆಟ್ ಭಾಷಣದಲ್ಲಿ ಯೋಜನೆಯ ಹೆಸರು ಕೇಳಿದ ದಿನ ಚಪ್ಪಾಳೆ ಬೀಳುತ್ತದೆ, ಪ್ರಶ್ನೆ ಮುಂದಿನ ಮಾರ್ಚ್‌ಗೆ ಹೋಗುತ್ತದೆ.

7ಡಿ ಗೆಲುವೂ ಹಾಗೇ. ಕಲಂ ಹೋದ ಮೇಲೂ ಅದೇ ನಿಧಿಯ ಸಾವಿರಾರು ಕೋಟಿಯನ್ನು ಗ್ಯಾರಂಟಿ ಯೋಜನೆಗಳಿಗೆ ಲೆಕ್ಕ ಹಾಕಿದರು. ದಲಿತ ಫಲಾನುಭವಿಗಳಿಗೇ ಹೋಗುತ್ತದೆ ಎಂಬುದು ಸರ್ಕಾರದ ಉತ್ತರ. ಆದರೆ ಆ ಹಣ ಎಲ್ಲರಿಗೂ ಸಿಗುವ ಯೋಜನೆಗೆ ಹೋಯಿತು, ಅವರಿಗಾಗಿಯೇ ಆಗಬೇಕಾದ ಕೆಲಸಕ್ಕಲ್ಲ.

ಅದಕ್ಕೇ ನಾನು ಮನವಿಗಿಂತ ಸೂತ್ರ ಕೇಳುತ್ತೇನೆ. ಅವಳಿ ನಗರದ 82 ವಾರ್ಡ್‌ಗೂ ಹಣ ಹಂಚುವಾಗ ಎಷ್ಟು ಜನ ಇದ್ದಾರೆ, ಎಷ್ಟು ಕೊಳೆಗೇರಿ ಇವೆ, ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ನೋಡಿ ಪಾಲು ಗೊತ್ತು ಮಾಡಲಿ. ಆ ಪಟ್ಟಿಯನ್ನು ವಾರ್ಡಿನ ಗೋಡೆಗೆ ಅಂಟಿಸಲಿ. ಕಡಿಮೆ ಬಂದರೆ ವೋಟು ತೆಗೆದುಕೊಂಡ ಸದಸ್ಯರೇ ಸಂಜೆ ಹೊತ್ತು ಓಣಿಗೆ ಬಂದು ಉತ್ತರ ಹೇಳಲಿ.